ಕಡೆಗೆ ಉಳಿದವರ ಆಟ

ಕಾಕಾ ಮತ್ತು ನಾನು ಒಂದೇ ವಿಷಯಕ್ಕೆ ವರ್ಷಗಟ್ಟಲೆ ವಾದ ಮಾಡಿದ್ದೇವೆ. ಅದು ಆಸ್ತಿಯ ವಿಷಯವಲ್ಲ, ರಾಜಕೀಯವೂ ಅಲ್ಲ. ಫುಟ್‌ಬಾಲ್ ತಂಡ ಕಟ್ಟುವಾಗ ಎಲ್ಲರನ್ನೂ ಆರಿಸಿ ಮುಗಿದ ಮೇಲೆ ಕಡೆಗೆ ಉಳಿಯುತ್ತಿದ್ದವರಲ್ಲಿ ಯಾರ ಕಾಲದವರು ಹೆಚ್ಚು ಒಳ್ಳೆಯ ಆಟಗಾರರು ಎಂಬುದು ನಮ್ಮ ಜಗಳ. ಬೇರೆ ಮನೆಗಳಲ್ಲಿ ಜನ ತಮ್ಮ ಕಾಲದ ದೊಡ್ಡ ಆಟಗಾರರ ಹೆಸರು ಹೇಳಿ ಎದೆಯುಬ್ಬಿಸುತ್ತಾರೆ. ನಮಗೆ ಆ ಭಾಗ್ಯವಿಲ್ಲ. ಕಾಕಾ ತಮ್ಮ ಕಾಲದಲ್ಲಿ ಕಡೆಗೆ ಉಳಿದವರು, ನಾನು ನನ್ನ ಕಾಲದಲ್ಲಿ ಕಡೆಗೆ ಉಳಿದವನು. ಹಾಗಾಗಿ ಇಬ್ಬರೂ ವಕಾಲತ್ತು ವಹಿಸುವುದು ನಮ್ಮ ನಮ್ಮ ಪರವಾಗಿಯೇ.

ಕಾಕಾ ಅಂದರೆ ನನ್ನ ತಂದೆಯ ತಮ್ಮ. ಎಪ್ಪತ್ತು ದಾಟಿದ್ದಾರೆ, ಹತ್ತಿರದ ಹಳ್ಳಿ ಬೇಡಗದಲ್ಲಿ ಹೊಲ ನೋಡಿಕೊಂಡಿದ್ದಾರೆ. ಶಾಲೆ ಕಲಿಯಲೆಂದು ಚಿಕ್ಕವರಿದ್ದಾಗ ಮಿರಜಿನ ನಮ್ಮ ಮನೆಯಲ್ಲಿದ್ದರು. ಕಲಿತದ್ದು ಎಷ್ಟೋ ಗೊತ್ತಿಲ್ಲ, ಫುಟ್‌ಬಾಲಿನ ಹುಚ್ಚನ್ನಂತೂ ಹತ್ತಿಸಿಕೊಂಡರು. ಈಗಲೂ ವಾರಕ್ಕೊಮ್ಮೆ ಬಸ್ ಹತ್ತಿ ನಮ್ಮಲ್ಲಿಗೆ ಬರುತ್ತಾರೆ, ಚಹಾ ಕುಡಿಯುತ್ತಾರೆ, ಮೊಮ್ಮಗಳನ್ನು ಮಾತಾಡಿಸುತ್ತಾರೆ. ನಂತರ ಮೈದಾನದ ಗೋಡೆಯ ಮೇಲೆ ಕೂತು ಯಾರ ಆಟವಾದರೂ ಸರಿ ನೋಡುತ್ತಾರೆ. ಆದರೆ ಸೂರ್ಯ ಕೆಳಗಿಳಿಯತೊಡಗಿದ ಕೂಡಲೇ ಎದ್ದು ಮನೆಗೆ ಬರುತ್ತಾರೆ. ನಾವು ಜೈನರು. ಹೊತ್ತು ಮುಳುಗುವ ಮೊದಲು ಊಟ ಮುಗಿಯಬೇಕು ಎಂಬುದು ಮನೆಯ ರೀತಿ. ಈಗ ಅದನ್ನು ಕಟ್ಟುನಿಟ್ಟಾಗಿ ಪಾಲಿಸುವವರು ಕಾಕಾ ಒಬ್ಬರೇ. ನಾನು ಮಳೆಗಾಲದ ನಾಲ್ಕು ತಿಂಗಳು ಪಾಲಿಸುತ್ತೇನೆ, ಅದರಲ್ಲೂ ಸಾಂಗಲಿಯ ಅಂಗಡಿಯಿಂದ ಬರುವುದು ತಡವಾದರೆ ಇಲ್ಲ. ನನ್ನ ಮಗಳು ಕತ್ತಲಾದ ಮೇಲೆ ಗೆಳತಿಯರ ಜೊತೆ ಪಾನಿಪುರಿ ಗಾಡಿಯ ಮುಂದೆ ನಿಂತಿರುವುದನ್ನು ಓಣಿಯೆಲ್ಲ ನೋಡಿದೆ, ಕಾಕಾ ಮಾತ್ರ ನೋಡಿಲ್ಲ.

ಕಾಕಾ ಕಾಲದಲ್ಲಿ ತಂಡ ಆರಿಸುವ ಪದ್ಧತಿ ಹೀಗಿತ್ತಂತೆ. ಇಬ್ಬರು ನಾಯಕರು ಸ್ವಲ್ಪ ದೂರದಲ್ಲಿ ಎದುರುಬದುರು ನಿಲ್ಲುತ್ತಿದ್ದರು. ಹಿಮ್ಮಡಿಗೆ ಹೆಬ್ಬೆರಳು ತಾಗಿಸಿ ಒಬ್ಬರಾದ ಮೇಲೊಬ್ಬರು ಹೆಜ್ಜೆ ಹಾಕುತ್ತ ಹತ್ತಿರ ಬರುತ್ತಿದ್ದರು. ಯಾರ ಪಾದ ಕಡೆಗೆ ಎದುರಿನವನ ಪಾದದ ಮೇಲೆ ಬೀಳುತ್ತದೋ ಅವನದು ಮೊದಲ ಆಯ್ಕೆ. ಆಮೇಲೆ ಅವನೊಬ್ಬ, ಇವನೊಬ್ಬ. ಜೋರಾಗಿ ಓಡುವವರು ಮೊದಲು, ಗಟ್ಟಿಮುಟ್ಟಾದವರು ಆಮೇಲೆ, ಬೂಟು ಇದ್ದವರು ಅದರ ನಂತರ. ಕಡೆಗೆ ಉಳಿದವನು ಕೇಳುವ ಮೊದಲೇ ಗೋಲಿನತ್ತ ನಡೆಯಬೇಕು. ಚರ್ಮದ ಚೆಂಡು ಮಳೆಯಲ್ಲಿ ನೆನೆದರೆ ಕಲ್ಲಿನಷ್ಟು ಭಾರ, ಅದನ್ನು ಹಿಡಿಯುವ ಕೆಲಸ ಯಾರಿಗೂ ಬೇಡವಾಗಿತ್ತು.

ಕಾಕಾ ಪ್ರತಿ ಸಲವೂ ಕಡೆಯವರು. ನಾನು ಚಿಕ್ಕವನಿದ್ದಾಗ, ಪಾಪ, ಆಟ ಬರುತ್ತಿರಲಿಲ್ಲವೇನೋ ಅಂದುಕೊಂಡಿದ್ದೆ. ಆಮೇಲೆ ಅವರ ಜೊತೆ ಆಡಿದ ಒಬ್ಬ ಮುದುಕರು ಬೇರೆಯದನ್ನೇ ಹೇಳಿದರು. ಆಟ ಚೆನ್ನಾಗಿಯೇ ಬರುತ್ತಿತ್ತಂತೆ. ತೊಂದರೆ ಇದ್ದದ್ದು ಊಟದ್ದು. ಬಿಸಿಲು ಇಳಿದ ಮೇಲೆ ಆಟ ಶುರು, ಚೆಂಡು ಕಾಣದಷ್ಟು ಕತ್ತಲಾದಾಗ ಮುಗಿಯುವುದು. ನಡುವೆ, ಆಟ ರಂಗೇರಿದ ಹೊತ್ತಿಗೆ ಸರಿಯಾಗಿ, ನಮ್ಮ ಅಜ್ಜಿ, ಅಂದರೆ ಕಾಕಾನ ತಾಯಿ, ಓಣಿಯ ತುದಿಗೆ ಬಂದು ನಿಲ್ಲುತ್ತಿದ್ದಳು. ಕೂಗುತ್ತಿರಲಿಲ್ಲ, ಸುಮ್ಮನೆ ನಿಲ್ಲುತ್ತಿದ್ದಳು. ಕಾಕಾ ಗೋಲ್ ಬಿಟ್ಟು ಮನೆಗೆ ಓಡುತ್ತಿದ್ದರು. ತಂಡಕ್ಕೆ ಒಬ್ಬ ಆಳು ಕಡಿಮೆ, ಗೋಲ್ ಖಾಲಿ. ಅಂಥವನನ್ನು ಮೊದಲು ಆರಿಸುವ ಮೂರ್ಖ ನಾಯಕ ಮಿರಜಿನಲ್ಲಿ ಹುಟ್ಟಿರಲಿಲ್ಲ. ಹಾಗೆ ನೋಡಿದರೆ ಕಾಕಾ ಆಟದಲ್ಲಿ ಕಡೆಯವರಲ್ಲ, ಹೊತ್ತಿನಲ್ಲಿ ಕಡೆಯವರು.

ನನ್ನ ಕಾಲಕ್ಕೆ ಪದ್ಧತಿ ಬದಲಾಗಿತ್ತು. ನಾವು ಜೋಡಿ ಬರುತ್ತಿದ್ದೆವು. ಸರಿಸಮ ಆಡುವ ಇಬ್ಬರು ಹೆಗಲ ಮೇಲೆ ಕೈ ಹಾಕಿಕೊಂಡು ದೂರ ಹೋಗಿ, ನೀನು ಹುಲಿ ನಾನು ಸಿಂಹ ಎಂದೇನೋ ಗುಟ್ಟಾಗಿ ಮಾತಾಡಿಕೊಂಡು, ತಿರುಗಿ ಬಂದು ನಾಯಕರ ಮುಂದೆ ನಿಲ್ಲುವುದು. ಹುಲಿ ಬೇಕೋ ಸಿಂಹ ಬೇಕೋ? ನಾಯಕನಿಗೆ ಯಾವುದು ಯಾರೆಂದು ಗೊತ್ತಿಲ್ಲ, ಸುಮ್ಮನೆ ಒಂದನ್ನು ಕೇಳುತ್ತಾನೆ. ಎಷ್ಟು ನ್ಯಾಯದ ಪದ್ಧತಿ ನೋಡಿ. ಇದರಲ್ಲಿ ಕಡೆಯವನೆಂಬ ಮಾತೇ ಇಲ್ಲ. ಆದರೆ ಜೋಡಿಯಾಗಲು ಯಾರಾದರೂ ಬರಬೇಕಲ್ಲ. ನನ್ನ ಹೆಗಲ ಮೇಲೆ ಯಾರೂ ಕೈ ಹಾಕುತ್ತಿರಲಿಲ್ಲ. ಕಾರಣ ಅದೇ ಅಜ್ಜಿ, ಅದೇ ಓಣಿಯ ತುದಿ. ಅಜ್ಜಿಗೆ ವಯಸ್ಸಾಗಿತ್ತು, ಕೈಯಲ್ಲಿ ಕೋಲು ಬಂದಿತ್ತು, ಅಷ್ಟೇ ವ್ಯತ್ಯಾಸ.

ಜೋಡಿ ಸಿಗದವನನ್ನು ನಮ್ಮ ಕಡೆ ಕಚ್ಚಾ ಲಿಂಬು ಅನ್ನುತ್ತಾರೆ. ಸಾಮಾನ್ಯವಾಗಿ ಅದು ಆಟ ಬಾರದ ಪುಟ್ಟ ಮಕ್ಕಳಿಗೆ ಕೊಡುವ ಪದವಿ. ಎರಡೂ ಕಡೆ ಆಡಬಹುದು, ಎಲ್ಲಿ ಬೇಕಾದರೂ ಓಡಬಹುದು, ಏನು ಮಾಡಿದರೂ ನಡೆಯುತ್ತದೆ, ಏಕೆಂದರೆ ಏನು ಮಾಡಿದರೂ ಅದು ಲೆಕ್ಕಕ್ಕೆ ಬರುವುದಿಲ್ಲ. ಒಂದು ಸಂಜೆ ನಾನು ಗೋಲ್ ಹೊಡೆದೆ. ನಿಜವಾದ ಗೋಲು, ಮೂಲೆಯಿಂದ. ಎರಡೂ ತಂಡದವರು ನಕ್ಕರು, ಯಾರೋ ಚೆಂಡನ್ನು ತಂದು ಮೊದಲಿದ್ದ ಜಾಗದಲ್ಲಿಟ್ಟರು, ಆಟ ಮುಂದುವರಿಯಿತು. ಮೆಟ್ರಿಕ್ ಮುಗಿಯುವ ಹೊತ್ತಿಗೆ ನಾನು ಮೈದಾನಕ್ಕೆ ಹೋಗುವುದನ್ನು ಬಿಟ್ಟೆ. ಬಿಟ್ಟೆನೆಂದು ಯಾರಿಗೂ ಗೊತ್ತಾಗಲೇ ಇಲ್ಲ. ಅದು ನನಗೆ ತುಂಬ ನೋವು ಮಾಡಿತು, ಈಗಲೂ ಮಾಡುತ್ತದೆ.

ಇದನ್ನು ಹೇಳಿದರೆ ಕಾಕಾ ಒಪ್ಪುವುದಿಲ್ಲ.

"ನಿನ್ನ ಯಾರೂ ಆರಿಸೇ ಇಲ್ಲ. ನನ್ನ ಕಡೀಕರೆ ಆರಿಸ್ತಿದ್ರು" ಅನ್ನುತ್ತಾರೆ. "ಕಡೀ ಆಳು ಅಂದ್ರೂ ತಂಡದ ಆಳನ."

"ಗೋಲದಾಗ ನಿಲ್ಲಿಸ್ತಿದ್ರಲ್ರಿ ಕಾಕಾ, ಅದೇನ್ ಆರಿಸೂದು?"

"ಗೋಲಕೀಪರ್ ಇಲ್ಲದ ಆಟ ಆಗತದೇನು?"

ಹೀಗೆ ನಡೆಯುತ್ತದೆ. ಒಮ್ಮೊಮ್ಮೆ ನನಗೆ ಅನ್ನಿಸುವುದುಂಟು: ಮೊದಲು ಆಯ್ಕೆಯಾದವರನ್ನು ಹೋಲಿಸಿ ಪ್ರಯೋಜನವಿಲ್ಲ. ಅವರು ಎಲ್ಲ ಕಾಲದಲ್ಲೂ ಒಂದೇ ತರಹ ಇರುತ್ತಾರೆ, ಜೋರಾಗಿ ಓಡುತ್ತಾರೆ, ಜೋರಾಗಿ ಒದೆಯುತ್ತಾರೆ. ಒಂದು ಕಾಲ ಹೇಗಿತ್ತು ಎಂದು ತಿಳಿಯಬೇಕಾದರೆ ಅದು ಯಾರನ್ನು ಕಡೆಗೆ ಬಿಟ್ಟಿತು, ಯಾಕೆ ಬಿಟ್ಟಿತು ಎಂದು ನೋಡಬೇಕು. ಆದರೆ ಇಂಥ ಮಾತನ್ನು ಕಾಕಾ ಮುಂದೆ ಆಡಿದರೆ, ಸಾಲಿ ಬಾಳ ಕಲಿತಿ ನೋಡು ಅಂತ ಹೇಳಿ ಎದ್ದು ಹೋಗುತ್ತಾರೆ.

ನನ್ನ ಮಗಳು ಕಾಲೇಜಿನಲ್ಲಿದ್ದಾಳೆ. ಎಡಗಾಲಿನವಳು. ಮೈದಾನದ ಎಡ ಅಂಚಿನಲ್ಲಿ ಅವಳು ಓಡಿದರೆ ಹಿಡಿಯುವುದು ಕಷ್ಟ. ತಂದೆಯ ಮಾತೆಂದು ಅರ್ಧ ಕಳೆದರೂ ಉಳಿದರ್ಧ ನಿಜ. ಕಳೆದ ವರ್ಷ ಸಾಂಗಲಿ-ಮಿರಜಿನ ಕೆಲವರು ಸೇರಿ ಹುಡುಗಿಯರಿಗಾಗಿ ಚಳಿಗಾಲದ ಫುಟ್‌ಬಾಲ್ ಲೀಗ್ ಮಾಡಿದರು. ಆಟಗಳೆಲ್ಲ ಸಂಜೆ, ದೊಡ್ಡ ದೀಪಗಳ ಕೆಳಗೆ. ತಂಡಗಳನ್ನು ಆರಿಸಲು ಡ್ರಾಫ್ಟ್, ಅಂದರೆ ನಾಯಕಿಯರು ಸರದಿಯ ಮೇಲೆ ಒಬ್ಬೊಬ್ಬರನ್ನೇ ಆರಿಸಿಕೊಳ್ಳುವುದು. ಮಗಳು ಒಂದು ತಿಂಗಳಿಂದ ಅದನ್ನೇ ಜಪಿಸುತ್ತಿದ್ದಳು. ಕಾಲೇಜು ತಂಡದಲ್ಲಿ ಎರಡು ವರ್ಷ ಬೆಂಚಿನ ಮೇಲೆ ಕೂತು ಅವಳಿಗೆ ಸಾಕಾಗಿತ್ತು. ಈ ಸಲವೂ ಯಾರೂ ತೆಗೆದುಕೊಳ್ಳದಿದ್ದರೆ ಬೂಟುಗಳನ್ನು ಗೆಳತಿಗೆ ಕೊಟ್ಟು ಆಟ ಬಿಡುತ್ತೇನೆ ಎಂದು ಊಟಕ್ಕೆ ಕೂತಾಗ ಹೇಳಿದಳು. ಮರಾಠಿಯಲ್ಲಿ ಹೇಳಿದಳು. ಅವಳಿಗೆ ಕನ್ನಡ ಪೂರ್ತಿ ತಿಳಿಯುತ್ತದೆ, ಆದರೆ ಮನಸ್ಸಿನ ಮಾತು ಮರಾಠಿಯಲ್ಲೇ ಬರುತ್ತದೆ. ಹೇಳುವಾಗ ಸಿಟ್ಟಿರಲಿಲ್ಲ. ಅದಕ್ಕೇ ನನಗೆ ಹೆದರಿಕೆಯಾಯಿತು. ನಾನೂ ಸಿಟ್ಟಿಲ್ಲದೆಯೇ ಬಿಟ್ಟಿದ್ದೆ.

ಡ್ರಾಫ್ಟ್ ನಡೆದದ್ದು ಮಿರಜಿನ ಒಂದು ಮಂಗಲ ಕಾರ್ಯಾಲಯದಲ್ಲಿ. ಹಿಂದಿನ ದಿನದ ಮದುವೆಯ ಹೂವು ಇನ್ನೂ ಕಂಬಕ್ಕೆ ನೇತಾಡುತ್ತಿತ್ತು. ವಧೂವರರು ಕೂರುವ ಜಾಗದಲ್ಲಿ ಪರದೆ, ಅದರ ಮೇಲೆ ಒಬ್ಬೊಬ್ಬ ಹುಡುಗಿಯ ಫೋಟೋ. ಕೆಳಗೆ ನಾಲ್ಕು ಮೇಜು, ನಾಲ್ಕು ತಂಡಗಳ ನಾಯಕಿಯರು. ಕಾಕಾ ಇಸ್ತ್ರಿ ಮಾಡಿದ ಅಂಗಿ, ಗಾಂಧಿ ಟೋಪಿ ಹಾಕಿಕೊಂಡು ಮುಂದಿನ ಸಾಲಿನಲ್ಲೇ ಕೂತರು. ಮಗಳು ಅವರಿಗೆ ಪದ್ಧತಿಯನ್ನು ವಿವರಿಸಿದಳು. ಒಂದು ಸುತ್ತಿನಲ್ಲಿ ಕಡೆಗೆ ಆರಿಸಿದ ತಂಡಕ್ಕೆ ಮುಂದಿನ ಸುತ್ತಿನಲ್ಲಿ ಮೊದಲ ಸರದಿ, ಹಾವು ಹರಿದ ಹಾಗೆ ಆ ತುದಿಯಿಂದ ಈ ತುದಿಗೆ, ಈ ತುದಿಯಿಂದ ಆ ತುದಿಗೆ. ಕಾಕಾಗೆ ಬಹಳ ಹಿಡಿಸಿತು.

"ಇದು ನ್ಯಾಯದ ಆತು" ಅಂದರು. "ನಮ್ಮ ಕಾಲದಾಗ ಇಷ್ಟ ಬುದ್ಧಿ ಯಾರಿಗೂ ಇರಲಿಲ್ಲ."

ಅವರ ಬಾಯಿಂದ ಹೊಸ ಕಾಲದ ಹೊಗಳಿಕೆ ಕೇಳಿದ್ದು ಅದೇ ಮೊದಲು. ಆ ಸಂತೋಷದಲ್ಲೇ ನಾನು ಚಹಾ ತರಲು ಹೊರಗೆ ಹೋದೆ. ಮಗಳು ಗೆಳತಿಯರ ಹತ್ತಿರ ಹೋಗಿದ್ದಳು. ನಾನು ಮರಳಿ ಬರುವಷ್ಟರಲ್ಲಿ ಲೀಗಿನ ಸಂಘಟಕರು ಕಾಕಾ ಹತ್ತಿರ ಮಾತಾಡಿ ಹೋಗುತ್ತಿದ್ದರು. ಕಾಕಾ ಮುಖದಲ್ಲಿ ದೊಡ್ಡ ತೃಪ್ತಿ.

"ಆಟ ಸಂಜೀಗಿ ಅದಾವು, ನಡೀತದೇನ್ರಿ ಅಂತ ಕೇಳಿದ. ನಾ ಎಲ್ಲಾ ಸ್ವಚ್ಛ ಹೇಳಿಬಿಟ್ಟೆ" ಅಂದರು.

"ಏನಂತ ಹೇಳಿದ್ರಿ?"

"ಹುಡುಗಿ ಬಾಳ ಚಲೋ ಆಡ್ತಾಳ, ಖರೆ ಹೊತ್ತ ಮುಣಗೂದ್ರಾಗ ಊಟಕ್ಕ ಮನೀಗಿ ಬರಬೇಕ, ಅದು ನಮ್ಮ ಮನೀ ರೀತಿ ಅಂತ ಹೇಳಿದೆ. ಮೊದಲ ಹೇಳಿಬಿಟ್ರ ಆಮ್ಯಾಲೆ ತಕರಾರ ಇರೂದಿಲ್ಲ."

ನಾಯಕಿಯರ ಮೇಜುಗಳು ಅಲ್ಲಿಂದ ಕೈಯಳತೆಯಲ್ಲಿದ್ದವು. ಕಾಕಾ ಧ್ವನಿ ಹೊಲದ ಆ ಬದುವಿನಿಂದ ಈ ಬದುವಿಗೆ ಮಾತಾಡಿ ಪಳಗಿದ್ದು. ನಾನು ಚಹಾದ ಕಪ್ಪು ಹಿಡಿದುಕೊಂಡೇ ನಿಂತೆ. ಅವರನ್ನು ಬೈಯಲು ಬಾಯಿ ಬರಲಿಲ್ಲ. ಅವರು ಸುಳ್ಳು ಹೇಳಿರಲಿಲ್ಲ, ಅವರಿಗೆ ಗೊತ್ತಿದ್ದ ಮನೆಯ ವಿಷಯ ಹೇಳಿದ್ದರು. ಅದು ಹಾಗಲ್ಲ ಎಂದು ನಾಯಕಿಯರಿಗೆ ಹೇಳಬೇಕಾದರೆ ಮಗಳು ರಾತ್ರಿ ಉಣ್ಣುವುದನ್ನು ಕಾಕಾ ಎದುರಿಗೇ ಹೇಳಬೇಕಿತ್ತು. ಅಷ್ಟರಲ್ಲಿ ಪರದೆಯ ಮೇಲೆ ಮೊದಲ ಫೋಟೋ ಬಂದು ಡ್ರಾಫ್ಟ್ ಶುರುವಾಯಿತು.

ಸುತ್ತುಗಳು ಹೋದವು. ಓಡುವವರು ಹೋದರು, ಗಟ್ಟಿಗರು ಹೋದರು. ಮಗಳ ಫೋಟೋ ಪ್ರತಿ ಸಲ ಬಂದಾಗ ನಾಯಕಿಯರು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು, ನಂತರ ಬೇರೆ ಹೆಸರು ಹೇಳುತ್ತಿದ್ದರು. ಕಡೆಯ ಸುತ್ತಿನಲ್ಲಿ ಹೋದ ಹುಡುಗಿಯರಲ್ಲಿ ಒಬ್ಬಳು ಹಿಂದಿನ ತಿಂಗಳಷ್ಟೇ ಬೂಟು ಕೊಂಡವಳು. ಬೇಕಾದದ್ದಕ್ಕಿಂತ ಒಬ್ಬ ಹುಡುಗಿ ಹೆಚ್ಚು ಬಂದಿದ್ದಳು. ಆ ಹೆಚ್ಚಿನವಳು ನನ್ನ ಮಗಳಾದಳು.

ಹೊರಗೆ ಚಪ್ಪಲಿ ಹುಡುಕುತ್ತಿದ್ದಾಗ ಒಬ್ಬ ನಾಯಕಿ ಬಂದು ಮಗಳ ಕೈ ಹಿಡಿದಳು. ನಿನ್ನನ್ನು ತೆಗೆದುಕೊಳ್ಳಬೇಕೆಂದೇ ಇದ್ದೆ, ಆದರೆ ಅರ್ಧ ಆಟಕ್ಕೆ ಎದ್ದು ಹೋದರೆ ನಾನೇನು ಮಾಡಲಿ ಎಂದು ಮರಾಠಿಯಲ್ಲಿ ಕೇಳಿದಳು. ಮಗಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದ ಮೇಲೆ ಅವಳು ಕಾಕಾನ ಕಡೆ ತಿರುಗಿದಳು.

"ಅಜ್ಜಾ, ನಾ ರಾತ್ರೀನ ಉಂತೀನಿ" ಅಂದಳು. "ರೋಜ್."

ಕಾಕಾ ಟೋಪಿ ತೆಗೆದು ಒಳಗೆ ಏನೋ ಇದೆಯೆಂಬಂತೆ ನೋಡಿ ಮತ್ತೆ ಹಾಕಿಕೊಂಡರು. ಮನೆಗೆ ಬರಲಿಲ್ಲ, ನೇರವಾಗಿ ಬಸ್ ನಿಲ್ದಾಣಕ್ಕೆ ನಡೆದರು. ಮುಂದಿನ ವಾರವೂ ಬರಲಿಲ್ಲ, ಅದರ ಮುಂದಿನ ವಾರವೂ ಇಲ್ಲ. ಫೋನ್ ಮಾಡಿದರೆ ಹೊಲದಲ್ಲಿ ಕೆಲಸ ಅನ್ನುತ್ತಿದ್ದರು.

ಈ ನಡುವೆ ಸಂಘಟಕರ ಫೋನ್ ಬಂತು. ಪರೀಕ್ಷೆ, ಮದುವೆ, ಜ್ವರ ಎಂದು ಯಾವುದಾದರೂ ತಂಡಕ್ಕೆ ಆಳು ಕಡಿಮೆ ಬಿದ್ದೇ ಬೀಳುತ್ತದೆ, ಆಗ ಅವರ ಪರವಾಗಿ ಆಡುತ್ತಾಳೆಯೇ ಎಂದು ಕೇಳಿದರು. ನಾನು ಮಗಳಿಗೆ ಹೇಳಿದೆ. ಕಚ್ಚಾ ಲಿಂಬು ಎಂದು ಇಬ್ಬರ ಮನಸ್ಸಿನಲ್ಲೂ ಬಂತು, ಬಾಯಿ ಬಿಟ್ಟು ಹೇಳಿದವಳು ಅವಳು. ನಾನು ಬೇಡ ಅನ್ನುವವನಿದ್ದೆ. ನನ್ನ ಮಗಳು ಮೈದಾನದಲ್ಲಿ ಲೆಕ್ಕಕ್ಕಿಲ್ಲದೆ ನಿಲ್ಲುವುದನ್ನು ನೋಡುವ ಶಕ್ತಿ ನನಗಿರಲಿಲ್ಲ.

"ಬೂಟು ಇನ್ನೂ ಕೊಟ್ಟಿಲ್ಲ" ಅಂದಳು, ಅಷ್ಟೇ.

ಪ್ರತಿ ಆಟಕ್ಕೂ ಹೋದೆವು. ಅವಳು ಬೂಟು ಕಟ್ಟಿಕೊಂಡು ಗೋಡೆಯ ಮೇಲೆ ಕೂರುವುದು, ನಾನು ಪಕ್ಕದಲ್ಲಿ ಕೂರುವುದು. ಲೀಗ್ ಹೊಸದು, ಉತ್ಸಾಹ ಹೊಸದು, ಯಾರೂ ತಪ್ಪಿಸಿಕೊಳ್ಳಲಿಲ್ಲ. ಪ್ರತಿ ಸಲವೂ ಎಲ್ಲರೂ ಬರುತ್ತಿದ್ದರು. ಬೇರೆಯವರ ಮಕ್ಕಳಿಗೆ ನೆಗಡಿಯಾದರೂ ಬರಬಾರದೇ ಎಂದು ನಾನು ಮನಸ್ಸಿನಲ್ಲಿ ಅಂದುಕೊಂಡದ್ದುಂಟು. ಮನೆಗೆ ಮರಳುವಾಗ ಅವಳು ಮಣ್ಣಾಗದ ಬೂಟುಗಳನ್ನು ತೊಡೆಯ ಮೇಲಿಟ್ಟುಕೊಂಡು ಸ್ಕೂಟರಿನ ಹಿಂದೆ ಕೂರುತ್ತಿದ್ದಳು. ಇನ್ನೊಂದೆರಡು ವಾರ ಹೀಗೇ ಹೋದರೆ ಬೂಟು ಗೆಳತಿಯ ಮನೆ ಸೇರುತ್ತದೆ ಎಂದು ನನಗೆ ಗೊತ್ತಿತ್ತು.

ಒಂದು ಸಂಜೆ ನಾವು ಗೋಡೆಯ ಹತ್ತಿರ ಹೋದಾಗ ಕಾಕಾ ಅಲ್ಲಿ ಮೊದಲೇ ಕೂತಿದ್ದರು. ಆಟ ಯಾವಾಗೆಂದು ನಾನು ಫೋನಿನಲ್ಲಿ ಹೇಳಿದ್ದನ್ನು ನೆನಪಿಟ್ಟುಕೊಂಡು, ಬಸ್ಸಿಳಿದು ನೇರವಾಗಿ ಬಂದಿದ್ದರು. ತೊಡೆಯ ಮೇಲೆ ಬಟ್ಟೆಯಲ್ಲಿ ಕಟ್ಟಿದ ಸ್ಟೀಲಿನ ಡಬ್ಬಿ. ಬಿಸಿಲು ಇನ್ನೂ ಇತ್ತು, ಆದರೆ ತೆಳ್ಳಗಾಗಿತ್ತು.

"ಕುಂದರವಾ" ಅಂದರು ಮಗಳಿಗೆ. "ಉಣ್ಣು."

ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ, ಶೇಂಗಾ ಚಟ್ನಿ, ಒಂದು ಬಾಟಲಿ ಮಜ್ಜಿಗೆ. ಮಗಳು ನನ್ನ ಮುಖ ನೋಡಿದಳು. ಅವಳಿಗೆ ಆ ನೇಮದಲ್ಲಿ ನಂಬಿಕೆ ಇಲ್ಲ, ಆಟಕ್ಕೆ ಮೊದಲು ಹೊಟ್ಟೆ ತುಂಬಿಸಿಕೊಳ್ಳುವುದು ಸರಿಯಲ್ಲವೆಂದೂ ಗೊತ್ತು. ಆದರೂ ಕೂತಳು. ಒಂದು ರೊಟ್ಟಿ ಮುರಿದು ಅರ್ಧ ತಿಂದಳು. ಕಾಕಾ ತಿಂದರು, ನನಗೂ ಕೊಟ್ಟರು. ಸೂರ್ಯ ನೀರಿನ ಟಾಕಿಯ ಹಿಂದೆ ಇಳಿಯುವಷ್ಟರಲ್ಲಿ ಮೂವರೂ ಕೈ ತೊಳೆದಿದ್ದೆವು.

ನನಗೆ ಒಮ್ಮೆಲೇ ವಿಚಿತ್ರ ಸಿಟ್ಟು ಬಂತು. ಓಣಿಯ ತುದಿಗೂ ಮೈದಾನಕ್ಕೂ ಒಂದು ಕೂಗಿನಷ್ಟೂ ದೂರವಿರಲಿಲ್ಲ. ಅಜ್ಜಿ ಅಷ್ಟು ವರ್ಷ ಅಲ್ಲಿಯವರೆಗೆ ನಡೆದು ಬಂದಳು, ನಿಂತಳು, ಹೋದಳು. ಊಟ ಹೊತ್ತು ಮುಳುಗುವ ಮೊದಲು ಆಗಬೇಕೆಂದಿತ್ತೇ ಹೊರತು ಮನೆಯಲ್ಲೇ ಆಗಬೇಕೆಂದು ಯಾವ ಮುನಿಗಳೂ ಹೇಳಿರಲಿಲ್ಲ. ಎರಡು ರೊಟ್ಟಿಯನ್ನು ಬಟ್ಟೆಯಲ್ಲಿ ಕಟ್ಟಿ ತರಬಹುದೆಂದು ಅಜ್ಜಿಗೂ ಹೊಳೆಯಲಿಲ್ಲ, ಕಾಕಾಗೂ ಹೊಳೆಯಲಿಲ್ಲ, ನನಗಂತೂ ಇಲ್ಲವೇ ಇಲ್ಲ. ಈ ವಯಸ್ಸಿನಲ್ಲಿ, ಬೇಡಗದ ಹೊಲದಲ್ಲಿ ಒಬ್ಬರೇ ಕೂತು, ಕಾಕಾ ಅದನ್ನು ಕಂಡುಹಿಡಿದಿದ್ದರು.

ಕಾಕಾ ಎದ್ದು ಆ ದಿನದ ಇಬ್ಬರು ನಾಯಕಿಯರ ಹತ್ತಿರ ಹೋದರು. ಹುಡುಗಿ ಊಟ ಮಾಡಿದ್ದಾಳೆ, ಇನ್ನು ಎಷ್ಟು ಹೊತ್ತಾದರೂ ಆಡುತ್ತಾಳೆ ಎಂದು ಮರಾಠಿಯಲ್ಲಿ ಹೇಳಿದರು. ಅನುಮಾನ ಉಳಿಯಬಾರದೆಂದು ಡಬ್ಬಿಯ ಮುಚ್ಚಳ ತೆಗೆದು ಒಳಗೆ ತೋರಿಸಿದರು. ನಾಯಕಿಯರು ನಕ್ಕರು. ಮಗಳು ನಾಚಿಕೆಯಿಂದ ಬೂಟಿನ ದಾರವನ್ನು ಬಿಚ್ಚಿ ಮತ್ತೆ ಕಟ್ಟಿದಳು.

ಆ ದಿನವೇ ಎರಡೂ ತಂಡಗಳಿಗೆ ಆಳು ಕಡಿಮೆ ಬಿದ್ದಿತ್ತು. ಒಂದು ತಂಡದ ಗೋಲ್‌ಕೀಪರ್ ಲಿಂಗನೂರಿನವಳು, ಬಸ್ ತಪ್ಪಿತ್ತು. ಇನ್ನೊಂದು ತಂಡದ ಒಬ್ಬ ಆಟಗಾರ್ತಿ ಅಕ್ಕನ ಮದುವೆಗೆ ಹೋಗಿದ್ದಳು. ಇರುವುದು ಒಬ್ಬಳೇ ಹೆಚ್ಚಿನವಳು, ಇಬ್ಬರಿಗೂ ಬೇಕು. ಸಂಘಟಕರು ನಾಣ್ಯ ಹುಡುಕಲು ಕಿಸೆಗೆ ಕೈ ಹಾಕಿದರು.

"ನಾಣ್ಯ ಯಾಕ? ಹೆಜ್ಜಿ ಹಾಕ್ರಿ" ಅಂದರು ಕಾಕಾ.

ನಾಯಕಿಯರಿಗೆ ಅದು ಗೊತ್ತಿರಲಿಲ್ಲ. ಕಾಕಾ ಚಪ್ಪಲಿ ಬಿಟ್ಟು, ಧೋತರದ ಅಂಚು ಎತ್ತಿ ಹಿಡಿದು, ಹಿಮ್ಮಡಿಗೆ ಹೆಬ್ಬೆರಳು ತಾಗಿಸಿ ನಾಲ್ಕು ಹೆಜ್ಜೆ ನಡೆದು ತೋರಿಸಿದರು. ಇಬ್ಬರು ಹುಡುಗಿಯರು ಎದುರುಬದುರು ನಿಂತು ನಗುತ್ತ ಹೆಜ್ಜೆ ಹಾಕತೊಡಗಿದರು. ಆಡುವವರೆಲ್ಲ ಸುತ್ತ ಬಂದು ನಿಂತರು. ಕೀಪರ್ ಇಲ್ಲದ ತಂಡದ ನಾಯಕಿಯ ಬೂಟು ಕಡೆಗೆ ಎದುರಿನವಳ ಬೂಟಿನ ಮೇಲೆ ಬಿತ್ತು. ಅವಳು ತಿರುಗಿ ನನ್ನ ಮಗಳ ಕಡೆ ಬೆರಳು ತೋರಿಸಿದಳು.

ಕಾಕಾ ಪದ್ಧತಿಯ ಪ್ರಕಾರ ಅದು ಮೊದಲ ಆಯ್ಕೆ. ಉಳಿದವರು ಯಾರೂ ಇರಲಿಲ್ಲವಾದ್ದರಿಂದ ಕಡೆಯ ಆಯ್ಕೆಯೂ ಅದೇ. ನಾನು ಇಷ್ಟು ವರ್ಷ ಮಾಡಿದ ವಾದವೆಲ್ಲ ಅಲ್ಲಿ ನಿಂತುಹೋಯಿತು. ಕಣ್ಣು ತುಂಬಿ ಬಂತು. ನಾನು ಅದನ್ನು ಒರೆಸಿಕೊಳ್ಳಲೂ ಇಲ್ಲ.

ಗೋಲಿನಲ್ಲಿ ನಿಲ್ಲುತ್ತೀಯಾ ಎಂದು ನಾಯಕಿ ಕೇಳಿದಳು. ಎಡ ಅಂಚಿನಲ್ಲಿ ಓಡುವ ಹುಡುಗಿಗೆ ಅದು ಹಿಡಿಸುವ ಕೆಲಸವಲ್ಲ. ಮಗಳು ಒಮ್ಮೆ ಕಾಕಾನನ್ನು ನೋಡಿ, ಕೈಗವಸು ಕೇಳಿ ಹಾಕಿಕೊಂಡು ಹೋದಳು.

ದೀಪಗಳು ಹತ್ತಿದವು. ಕಾಕಾ ಗೋಡೆಯ ಮೇಲೆ ಕೂರಲಿಲ್ಲ, ಸುತ್ತು ಹಾಕಿ ಹೋಗಿ ಅವಳ ಗೋಲಿನ ಹಿಂದೆ ನಿಂತರು. ಹೊರಗೆ ಪೂರ್ತಿ ಕತ್ತಲಾಗಿತ್ತು. ಮಗಳು ಕೆಲವು ಚೆಂಡು ತಡೆದಳು. ಒಂದನ್ನು ಹೊಟ್ಟೆಗೆ ಅಪ್ಪಿಕೊಂಡು ಬಿದ್ದಾಗ ರೊಟ್ಟಿ ನೆನಪಾಗಿರಬೇಕು, ಸ್ವಲ್ಪ ಹೊತ್ತು ಏಳಲಿಲ್ಲ. ಆಟ ಇನ್ನೇನು ಮುಗಿಯಿತು ಅನ್ನುವಾಗ ಒಂದು ಸಾಧಾರಣ ಚೆಂಡು ಅವಳ ಕೈಜಾರಿ ಒಳಗೆ ಹೋಯಿತು. ಅದೊಂದೇ ಗೋಲು, ಅದು ಲೆಕ್ಕಕ್ಕೂ ಬಂತು. ಸೀಟಿ ಊದಿದರು.

ನಾನು ಗೋಲಿನ ಹತ್ತಿರ ಹೋಗುವಷ್ಟರಲ್ಲಿ ಅವಳು ಬಲೆಗೆ ಒರಗಿ ಕೈಗವಸು ಬಿಚ್ಚುತ್ತಿದ್ದಳು. ಬಲೆಯ ಆಚೆ ಕಾಕಾ.

"ಸೋತ್ವಿ ಅಜ್ಜಾ" ಅಂದಳು.

"ಹೌದವಾ" ಅಂದರು ಕಾಕಾ. ಮೈದಾನದಲ್ಲಿ ಹುಡುಗಿಯರು ಒಬ್ಬರ ಕೈ ಒಬ್ಬರು ಕುಲುಕುತ್ತಿದ್ದರು. ಕಾಕಾ ಅದನ್ನು ಎಂದೂ ಕಾಣದವರ ಹಾಗೆ ನೋಡುತ್ತಿದ್ದರು. "ನಾ ಆಡಿದ ಆಟ ಸೋತೇವೋ ಗೆದ್ದೇವೋ ಅಂತ ನನಗ ಯಾವಾಗ್ಲೂ ಮರುದಿನಾ ಸಾಲ್ಯಾಗ ಗೊತ್ತಾಗತಿತ್ತು."